ಮಿರಜದ ಮೂರು ಹಳಿಗಳು ಮತ್ತು ಮುಂಬಯಿ ಕೆಲಸ

ಮುಂಬಯಿಗೆ ವ್ಯವಹಾರಕ್ಕೆ ಹೊರಟವರು ಇಂದು ಕೇಳುವುದು ಒಂದೇ: ಕಾರೋ, ರೈಲೋ? ಮಿರಜ ಜಂಕ್ಷನ್ನಿನ ಇತಿಹಾಸ ಬಲ್ಲವರಿಗೆ ಉತ್ತರ ಸುಲಭ.

ಮೊದಲು ಮಿರಜದಿಂದ ಪುಣೆಗೆ ಮೀಟರ್‌ಗೇಜ್ ಹಳಿ. ಮುಂಬಯಿಗೆ ಹೋಗುವವರು ಪುಣೆಯಲ್ಲಿ ಇಳಿದು, ಗಂಟುಮೂಟೆ ಹೊತ್ತು, ಬ್ರಾಡ್‌ಗೇಜ್ ಗಾಡಿ ಹಿಡಿಯಬೇಕಿತ್ತು. 1971ರಲ್ಲಿ ಪುಣೆ–ಮಿರಜ–ಕೊಲ್ಹಾಪುರ ಹಳಿ ಅಗಲವಾಯಿತು. ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಮಲಗಿದರೆ ಬೆಳಿಗ್ಗೆ ಮುಂಬಯಿ. ಸಾಂಗಲಿಯ ಅರಿಷಿಣ ವ್ಯಾಪಾರಿಗೆ ಲಾಡ್ಜಿನ ಖರ್ಚು ಉಳಿಯಿತು.

ಆದರೆ ಕುಡಚಿ, ರಾಯಬಾಗ ಕಡೆಯ ನಮ್ಮವರಿಗೆ ಆ ಸುಖ ತಡವಾಗಿ ಬಂತು. ದಕ್ಷಿಣದ ಹಳಿ ಮೀಟರ್‌ಗೇಜಾಗಿಯೇ ಉಳಿದು, 1990ರ ದಶಕದವರೆಗೂ ಅವರು ಮಿರಜದಲ್ಲಿ ಗಾಡಿ ಬದಲಿಸಿದರು. ಪಂಢರಪುರದ ಕಡೆ 1927ರ ನ್ಯಾರೋಗೇಜ್ ಬೇರೆ. ಒಂದೇ ಜಂಕ್ಷನ್ನಿನಲ್ಲಿ ಮೂರು ಅಳತೆ!

2002ರಲ್ಲಿ ಮುಂಬಯಿ–ಪುಣೆ ಎಕ್ಸ್‌ಪ್ರೆಸ್ ರಸ್ತೆ ಪೂರ್ಣವಾದ ಮೇಲೆ ಕಾರಿನ ಆಸೆ ಹೆಚ್ಚಿತು. ಲೆಕ್ಕ ಹಾಕಿರಿ: ಡೀಸೆಲ್, ಟೋಲ್, ಚಾಲಕನ ಭತ್ತೆ, ಪಾರ್ಕಿಂಗ್. ನಾಲ್ವರು ಕೂಡಿ, ಮಾದರಿ ಮಾಲು ಹೊತ್ತು ತಿರುಗುವುದಿದ್ದರೆ ಕಾರು ಸರಿ. ಒಬ್ಬರೇ ಕಾಗದಪತ್ರ ಹಿಡಿದು ಫೋರ್ಟಿಗೆ ಹೋದರೆ, ಗಾಡಿ ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಕಚೇರಿಯ ಊಟದ ವೇಳೆ ಆಗಿರುತ್ತದೆ.

ನಮ್ಮ ಹಿರಿಯರು ಇಳಿದು ಏರಿ ದಣಿದ ದಾರಿಯಲ್ಲಿ ಇಂದು ನೇರ ಗಾಡಿ ಓಡುತ್ತಿದೆ. ಒಂಟಿ ಪ್ರಯಾಣಿಕರು ಅದನ್ನು ಮರೆಯದಿರಲಿ.