ನರಗುಂದದಿಂದ ಗಜೇಂದ್ರಗಡಕ್ಕೆ

ನಕಾಶೆಯ ಮೇಲೆ ಅಡಿಪಟ್ಟಿ ಇಟ್ಟು ನೋಡಿದರೆ ನರಗುಂದ, ರೋಣ, ಗಜೇಂದ್ರಗಡ ಮೂರೂ ಹೆಚ್ಚುಕಡಿಮೆ ಒಂದೇ ಗೆರೆಯ ಮೇಲೆ ಬರುತ್ತವೆ. ಪಡುವಣದಿಂದ ಮೂಡಣಕ್ಕೆ ನೆಟ್ಟನೆಯ ದಾರಿ. ಹೀಗಾಗಿ ಮುಂಜಾನೆ ನರಗುಂದದಿಂದ ಹೊರಟ ಬಸ್ಸಿನ ಡ್ರೈವರನಿಗೆ ಸೂರ್ಯ ಎದುರಿಗೇ. ಸಂಜೆ ಮರಳುವಾಗಲೂ ಎದುರಿಗೇ. ಈ ರಾಜ್ಯ ಹೆದ್ದಾರಿಯಲ್ಲಿ ನೌಕರಿಗೆಂದು ಇಪ್ಪತ್ತೆಂಟು ವರ್ಷ ಓಡಾಡಿದ್ದೇನೆ. ರೋಣದ ತನಕ ಎರೆಹೊಲ, ಆಮೇಲೆ ಗುಡ್ಡ, ಗುಡ್ಡದ ಮೇಲೆ ಈಗ ಗಾಳಿಯಂತ್ರಗಳು. ಗಜೇಂದ್ರಗಡ ಬಂತೆಂದರೆ ಕೋಟೆ, ಕಾಲಕಾಲೇಶ್ವರ, ಮಗ್ಗದ ಸೀರೆ. 2018ರಿಂದ ಅದು ಬೇರೆ ತಾಲೂಕಾಗಿರುವುದರಿಂದ ಕಚೇರಿ ಕಾಗದಕ್ಕೆಂದು ರೋಣಕ್ಕೆ ಬರುವ ಮಂದಿ ಬಸ್ಸಿನಲ್ಲಿ ಕಡಿಮೆಯಾಗಿದ್ದಾರೆ.

ಯಾವಗಲ್ಲ ಹತ್ತಿರ ಬೆಣ್ಣಿಹಳ್ಳ. ಹೆಸರಷ್ಟೇ ಬೆಣ್ಣೆ. ನಮ್ಮಲ್ಲಿ ಒಂದು ಹನಿ ಬೀಳದಿದ್ದರೂ ಮೇಲಿನ ಶಿಗ್ಗಾವಿ, ಹುಬ್ಬಳ್ಳಿ ಸೀಮೆಯಲ್ಲಿ ಮಳೆಯಾದರೆ ಇಲ್ಲಿ ದಾರಿ ಬಂದ್. 2019ರ ಆಗಸ್ಟಿನ ನೆರೆಯನ್ನಂತೂ ನಮ್ಮ ಕಡೆಯವರು ಮರೆಯಲಾರರು.

ಒಮ್ಮೆ ತರಗತಿಯಲ್ಲಿ ಟಿಪ್ಪು ಮತ್ತು ಮರಾಠರ ಪಾಠ ನಡೆದಿತ್ತು. ಪುಸ್ತಕದಲ್ಲಿ ನಮ್ಮೂರುಗಳಿಗೆ ಸಿಕ್ಕಿದ್ದು ಒಂದೇ ಸಾಲು. ನಾನೇ ಬೆಳೆಸಿ ಹೇಳಿದೆ. ಕಪ್ಪದ ಜಗಳ ದೊಡ್ಡದಾಗಿ 1785ರಲ್ಲಿ ಟಿಪ್ಪುವಿನ ಸೈನ್ಯ ನರಗುಂದಕ್ಕೆ ಮುತ್ತಿಗೆ ಹಾಕಿತು. ಆಳುತ್ತಿದ್ದ ವೆಂಕಟರಾವ್ ಭಾವೆ ಸೆರೆಸಿಕ್ಕ. ಅದರಿಂದ ಪೇಶವೆಯವರ ಜೊತೆ ಯುದ್ಧ ಹತ್ತಿತು, ನಿಜಾಮನೂ ಅವರ ಪಕ್ಷ ಸೇರಿದ. 1787ರಲ್ಲಿ ಒಪ್ಪಂದವಾದದ್ದು ಗಜೇಂದ್ರಗಡದಲ್ಲಿ. ಟಿಪ್ಪು 48 ಲಕ್ಷ ರೂಪಾಯಿ ಕೊಡಲು ಒಪ್ಪಿ ಬಾದಾಮಿ, ಕಿತ್ತೂರು, ನರಗುಂದಗಳನ್ನು ಮರಾಠರಿಗೆ ಬಿಟ್ಟ. ಜಗಳ ಹುಟ್ಟಿದ್ದು ನಮ್ಮ ದಾರಿಯ ಈ ತುದಿಯಲ್ಲಿ, ಹರಿದದ್ದು ಆ ತುದಿಯಲ್ಲಿ ಎಂದು ನಾನು ಹಿಗ್ಗಿನಿಂದ ಹೇಳುತ್ತಿದ್ದಾಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಅಕ್ಕಾರ, ನರಗುಂದದ ಮಂದೀನ್ನ ಯಾರರ ಕೇಳಿದ್ರೇನ್ರಿ?”

ಒಳ್ಳೆಯ ಪ್ರಶ್ನೆ ಎಂದೆ. ಉತ್ತರ ತಿಳಿಯದಿದ್ದಾಗ ಹಾಗೆನ್ನಬೇಕೆಂದು ಬಿ.ಎಡ್.ನಲ್ಲಿ ಕಲಿತಿದ್ದೆ.

ಬಾಬಾಸಾಹೇಬನ ಕಥೆ ಹೇಳಬಹುದಿತ್ತು. ದತ್ತಕಕ್ಕೆ ಕಂಪನಿ ಸರಕಾರ ಒಪ್ಪಲಿಲ್ಲ, ಆತ ತಿರುಗಿಬಿದ್ದ. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಮ್ಯಾನ್ಸನ್ ಸಾಹೇಬನ ಕೊಲೆಯಾಯಿತು, ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲಾಯಿತು. ಆದರೆ ಆಕೆ ಕೇಳಿದ್ದು ಅರಸರನ್ನಲ್ಲ, ಮಂದಿಯನ್ನು.

ಮನೆಗೆ ಹೋಗಿ ಅಪ್ಪನ ಟ್ರಂಕು ತೆಗೆದೆ. ಮಲಪ್ರಭೆಯ ಕಾಲುವೆ ನೀರು ನಮ್ಮ ಹೊಲ ಮುಟ್ಟಿರಲಿಲ್ಲ, ಬೆಟರ್‌ಮೆಂಟ್ ಕರದ ನೋಟೀಸು ಮಾತ್ರ ಮನೆ ಮುಟ್ಟಿತ್ತು. 1980ರ ಜುಲೈ 21ರಂದು ಅಪ್ಪ ಓಣಿಯವರ ಜೊತೆ ನರಗುಂದಕ್ಕೆ ಹೋದ. ನನಗಾಗ ಹತ್ತು ವರ್ಷ. ಆ ರಾತ್ರಿ ವಸ್ತಿ ಬಸ್ಸು ಬರಲಿಲ್ಲ. ಅವ್ವ ಕಂದೀಲು ಹಿಡಿದು ಕಟ್ಟೆಯ ಮೇಲೇ ಕುಳಿತಳು. ನಸುಕಿನಲ್ಲಿ ಅಪ್ಪ ನಡೆದು ಬಂದ. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅವ್ವ ಕೊಟ್ಟ ನೀರು ಕುಡಿದು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ಗೋಳಿಬಾರಿನ ಸುದ್ದಿ ನಮಗೆ ತಿಳಿದದ್ದು ಬೇರೆಯವರಿಂದ. ನರಗುಂದದಲ್ಲಿ ಈರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ ಸತ್ತಿದ್ದರು. ನರಗುಂದದಲ್ಲಿ ಪೊಲೀಸರೂ ಸತ್ತಿದ್ದರು. ಅವರ ಮನೆಯಲ್ಲೂ ಯಾರೋ ಕಂದೀಲು ಹಿಡಿದು ಕುಳಿತಿದ್ದಿರಬೇಕು. ಅದೇ ವರ್ಷ ರಾಜ್ಯ ರೈತ ಸಂಘ ಹುಟ್ಟಿತು. ಅಪ್ಪ ಸಾಯುವ ತನಕ ಆ ದಿನದ ಬಗ್ಗೆ ಬಾಯಿ ಬಿಡಲಿಲ್ಲ. ಈಗಲೂ ಜುಲೈ 21ಕ್ಕೆ ನರಗುಂದದಲ್ಲಿ ವೀರಗಲ್ಲಿಗೆ ಮಾಲೆ ಹಾಕುತ್ತಾರೆ, ಅಂದು ಬಸ್ಸು ತುಸು ತಡ.

ಮರುದಿನ ಆ ನೋಟೀಸನ್ನು ಹುಡುಗಿಯ ಕೈಗೆ ಕೊಟ್ಟೆ. ಮಡಿಕೆಗಳಲ್ಲಿ ಹರಿದಿತ್ತು, ಜೋಡಿಸಿ ಹಿಡಿದು ಎರಡು ಸಲ ಓದಿದಳು.

“ಇಷ್ಟು ರೊಕ್ಕಕ್ಕೇನ್ರಿ ಅಕ್ಕಾರ?” ಎಂದಳು.