ತಿಪ್ಪಿ ಕಳಿಯಲು ಎಷ್ಟು ತಿಂಗಳು? ಇಂದೂರಿನ ಲೆಕ್ಕ, ಬೆಂಗಳೂರಿನ ಲೆಕ್ಕ

ನಮ್ಮ ಗದಗ, ಕಳಸಾಪುರದ ಕಡೆ ಬ್ಯಾಸಿಗಿಯಲ್ಲಿ ತಿಪ್ಪಿ ಗೊಬ್ಬರ ಹೊಲಕ್ಕೆ ಹೊರಡುತ್ತದೆ. ಮೊದಲು ಚಕ್ಕಡಿ, ಈಗ ಟ್ರ್ಯಾಕ್ಟರ್. ಗೊಬ್ಬರ ಕಳಿತೋ ಇಲ್ಲವೋ ಎಂದು ಕೇಳಿದರೆ ‘ಮೂರು ತಿಂಗಳಾದರೆ ಸಾಕು’ ಎನ್ನುವವರು ಬಹಳ ಮಂದಿ. ಈ ಮೂರು ತಿಂಗಳ ಲೆಕ್ಕದ ಬೆನ್ನು ಹತ್ತಿದರೆ ಇಂದೂರು ಸಿಗುತ್ತದೆ.

ಆಲ್ಬರ್ಟ್ ಹೊವಾರ್ಡ್ ಎಂಬ ಇಂಗ್ಲಿಷ್ ವಿಜ್ಞಾನಿ 1924ರಿಂದ 1931ರವರೆಗೆ ಅಲ್ಲಿದ್ದರು. ಅದೂ ನಮ್ಮಂತೆ ಎರಿ ನೆಲ, ಹತ್ತಿಯ ನೆಲ. ಹತ್ತಿ ಕಟಗಿ ಬೇಗ ಕೊಳೆಯುವುದಿಲ್ಲವಲ್ಲ? ಅದನ್ನು ತೋಟದ ದಾರಿಯ ಮೇಲೆ ಹರವಿ, ಬಂಡಿಗಳು ಓಡಾಡಿ ಪುಡಿಯಾದ ಮೇಲೆ ದನದ ಕೆಳಗೆ ಹಾಸುತ್ತಿದ್ದರು. (ನಾವು ಈಗಲೂ ಸುಡುತ್ತೇವೆ.) ಆಮೇಲೆ ಹೆಂಡಿ, ಉಚ್ಚಿ ನೆನೆದ ಮಣ್ಣು, ಬೂದಿ ಕೂಡಿಸಿ ಗುಂಡಿ ತುಂಬುವುದು, ನೀರು ಹಾಕುವುದು, ಮೂರು ಸಲ ತಿರುವುವುದು. ಇಷ್ಟು ಮಾಡಿದರೆ ಮೂರು ತಿಂಗಳಿಗೆ ಗೊಬ್ಬರ. ಯಶವಂತ ವಾಡ್ ಅವರ ಜೊತೆ 1931ರಲ್ಲಿ ಇದನ್ನು ಪುಸ್ತಕವಾಗಿ ಬರೆದರು.

ಬೆಂಗಳೂರಿನ ಲೆಕ್ಕ ಬೇರೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಿ.ಎನ್. ಆಚಾರ್ಯರು 1939ರ ಸುಮಾರಿಗೆ ಊರ ಕಸ ಮತ್ತು ಮಲದಿಂದ ಗೊಬ್ಬರ ಮಾಡುವ ದಾರಿ ಹುಡುಕಿದರು. ಅಂಥದ್ದನ್ನು ತಿರುವುವವರಾರು? ಅದಕ್ಕೆ ಪದರ ಪದರವಾಗಿ ಗುಂಡಿ ತುಂಬಿ, ಮೇಲೆ ಮಣ್ಣು ಮುಚ್ಚಿ ಬಿಟ್ಟರು. ಮೊದಲ ಎಂಟು-ಹತ್ತು ದಿನ ಕಾವೇರುತ್ತದೆ. ಆಮೇಲೆ ಗಾಳಿಯಿಲ್ಲದೆ ನಿಧಾನವಾಗಿ ಕಳಿಯುತ್ತದೆ. ತಿರುವುವ ಕೆಲಸ ಉಳಿಯಿತು, ಕಾಯುವ ಕಾಲ 6ರಿಂದ 8 ತಿಂಗಳಾಯಿತು.

ನಮ್ಮ ತಿಪ್ಪಿಯನ್ನು ಯಾರೂ ತಿರುವುವುದಿಲ್ಲ, ನೀರೂ ಹಾಕುವುದಿಲ್ಲ. ಆದರೂ ಲೆಕ್ಕ ಮಾತ್ರ ಇಂದೂರಿನದು! ಅರೆಕಳಿತ ಗೊಬ್ಬರ ಬಿದ್ದ ಹೊಲದಲ್ಲಿ ಸೂಕ್ಷ್ಮಜೀವಿಗಳು ಉಳಿದ ಕಸ ಕೊಳೆಸಲು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತವೆ, ಎಳೆ ಬೆಳೆ ಹಳದಿಯಾಗುತ್ತದೆ. ಕಾವು ಹತ್ತದೆ ಉಳಿದ ಹುಲ್ಲಿನ ಬೀಜವೂ ಮೊಳೆತು, ಕಳೆ ತೆಗೆಯುವ ಕೂಲಿ ಏರುತ್ತದೆ.

ಹಾಗಾದರೆ ತಿಳಿಯುವುದು ಹೇಗೆ? ತಿಪ್ಪಿಯ ನಡುವಿಗೆ ಕಬ್ಬಿಣದ ಸಲಾಕೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆದು ಮುಟ್ಟಿ. ಬಿಸಿ ಇದ್ದರೆ ಇನ್ನೂ ಕೆಲಸ ನಡೆದಿದೆ. ತಣ್ಣಗಿದ್ದರೆ ಮಾತ್ರ ಅವಸರ ಬೇಡ. ನಮ್ಮ ಬಿಸಿಲಿಗೆ ಒಣಗಿದ ತಿಪ್ಪಿ ಕಳಿಯದೆಯೂ ತಣ್ಣಗಾಗುತ್ತದೆ. ನೀರು ಹಾಕಿ ಕಲಸಿ ವಾರ ನೋಡಿ, ಮತ್ತೆ ಕಾವೇರಿದರೆ ಅದು ಹಸಿಯೇ. ಕಳಿತದ್ದು ಕರಿಗಂದು ಬಣ್ಣಕ್ಕೆ ತಿರುಗಿ, ಮಳೆ ಬಿದ್ದ ಮಣ್ಣಿನಂತೆ ವಾಸನೆ ಕೊಡುತ್ತದೆ. ಕಣಕಿ, ರವದಿ ಗುರುತು ಸಿಗಬಾರದು. ಸಂಶಯವಿದ್ದರೆ ಎರಡು ಡಬ್ಬಿ ತೆಗೆದುಕೊಳ್ಳಿ: ಒಂದರಲ್ಲಿ ಬರೀ ಮಣ್ಣು, ಇನ್ನೊಂದರಲ್ಲಿ ಮಣ್ಣು-ಗೊಬ್ಬರ ಸಮ. ಎರಡರಲ್ಲೂ ಹತ್ತು ಹೆಸರು ಕಾಳು ಊರಿ. ವಾರದ ಮೇಲೆ ಗೊಬ್ಬರದ ಡಬ್ಬಿಯ ಸಸಿ ಸೊರಗಿದ್ದರೆ ಇನ್ನೊಂದು ತಿಂಗಳು ಕಾಯಿರಿ.

ಕಳಿತ ಗೊಬ್ಬರವನ್ನು ಹೊಲದಲ್ಲಿ ಗುಂಪು ಹಾಕಿ ವಾರಗಟ್ಟಲೆ ಬಿಸಿಲಿಗೆ ಬಿಡಬೇಡಿ, ಸಾರ ಹೋಗುತ್ತದೆ. ಹರವಿದ ದಿನವೇ ಕುಂಟಿ ಹೊಡೆದು ಮಣ್ಣಿಗೆ ಸೇರಿಸಿ.