ಹಗ್ಗ ಹಿಡಿದವರು

ದೂರದೇಶಕ್ಕೆ ಹೋದವರ ಹೆಸರು ಇತಿಹಾಸದಲ್ಲಿ ಉಳಿಯುತ್ತದೆ. ಅವರನ್ನು ಕಳುಹಿಸಿಕೊಟ್ಟು ಊರಿನಲ್ಲೇ ಉಳಿದವರ ಹೆಸರು ಬಹುಮಟ್ಟಿಗೆ ಮರೆತುಹೋಗುತ್ತದೆ. ಬಂಗಾಳದ ಶ್ರೀರಾಮಪುರದಲ್ಲಿ ನೆಲೆಸಿ, ಭಾರತದ ಹಲವು ಭಾಷೆಗಳಲ್ಲಿ ಬೈಬಲನ್ನು ಅಚ್ಚುಮಾಡಿಸಿ, 1817ರಲ್ಲಿ ಕನ್ನಡಕ್ಕೂ ಒಂದು ವ್ಯಾಕರಣವನ್ನು ಬರೆದುಕೊಟ್ಟ ವಿಲಿಯಂ ಕೇರಿಯವರನ್ನು ನಾವು ಬಲ್ಲೆವು. ಆದರೆ ಆಂಡ್ರ್ಯೂ ಫುಲ್ಲರ್ ಯಾರೆಂದು ಕೇಳಿದರೆ ಉತ್ತರಿಸಬಲ್ಲವರು ವಿರಳ. ಕೇರಿಯವರು ಭಾರತಕ್ಕೆ ಹೊರಟ ದಿನದಿಂದ ತಾವು ಕಣ್ಣುಮುಚ್ಚುವವರೆಗೆ ಅವರ ಬೆನ್ನಿಗೆ ನಿಂತವರು ಈ ಫುಲ್ಲರ್.

ಆ ಮಿಷನ್ ಹುಟ್ಟುವುದಕ್ಕೆ ಎಂಟು ವರ್ಷ ಮೊದಲೇ ಅದಕ್ಕಾಗಿ ಪ್ರಾರ್ಥನೆ ಹುಟ್ಟಿತ್ತು. 1784ರಲ್ಲಿ ಇಂಗ್ಲೆಂಡಿನ ನಾರ್ತಾಂಪ್ಟನ್ ಪ್ರಾಂತದ ಬ್ಯಾಪ್ಟಿಸ್ಟ್ ಸಭೆಗಳು, ಜಾನ್ ಸಟ್‌ಕ್ಲಿಫ್ ಎಂಬ ಸಭಾಪಾಲಕರ ಸಲಹೆಯಂತೆ, ಪ್ರತಿ ತಿಂಗಳ ಮೊದಲ ಸೋಮವಾರ ಸಂಜೆ ಒಂದು ಗಂಟೆ ಕೂಡಿ ಪ್ರಾರ್ಥಿಸಬೇಕೆಂದು ನಿರ್ಣಯಿಸಿದವು. ಆ ಪ್ರಾರ್ಥನೆ ತಮ್ಮ ಊರಿಗಾಗಿ ಮಾತ್ರವಲ್ಲ, ತಾವು ಎಂದೂ ಕಾಣದ ನಾಡುಗಳಿಗಾಗಿಯೂ ಇರಬೇಕೆಂಬುದು ಅವರ ಆಶಯ. ಇವರು ಸಿರಿವಂತರಲ್ಲ. ಕೇರಿಯವರು ಜೋಡು ಹೊಲಿಯುವ ಕಸುಬಿನವರು. ಫುಲ್ಲರ್ ರೈತರ ಮಗ.

1792ರಲ್ಲಿ ಕೇರಿಯವರು ಪ್ರಕಟಿಸಿದ ಚಿಕ್ಕ ಪುಸ್ತಕವೊಂದರಲ್ಲಿ ಈ ಕಾರ್ಯದ ಸಾಧನಗಳನ್ನು ಎಣಿಸಿದಾಗ ಪ್ರಾರ್ಥನೆಗೇ ಮೊದಲ ಸ್ಥಾನ. ಆಮೇಲೆ ಹಣದ ಮಾತು: ವಾರಕ್ಕೆ ಒಂದು ಪೆನ್ನಿ ಕೊಟ್ಟರೂ ಸಾಕು. ಗುಲಾಮರ ದುಡಿಮೆಯಿಂದ ಬಂದುದೆಂಬ ಕಾರಣಕ್ಕೆ ವೆಸ್ಟ್ ಇಂಡೀಸಿನ ಸಕ್ಕರೆಯನ್ನು ಆಗ ಅನೇಕ ಕುಟುಂಬಗಳು ಬಿಟ್ಟಿದ್ದವು. ಹಾಗೆ ಉಳಿದ ಕಾಸನ್ನು ಇದಕ್ಕೆ ಕೊಡಬಹುದಲ್ಲವೇ ಎಂದು ಅವರು ಕೇಳಿದರು. ಒಂದು ಅನ್ಯಾಯದಿಂದ ಕೈ ಹಿಂತೆಗೆದವರೇ ಇನ್ನೊಂದು ಕಾರ್ಯಕ್ಕೆ ಕೈ ಚಾಚಲಿ ಎಂಬ ಲೆಕ್ಕಾಚಾರ ಅದು.

ಅದೇ ವರ್ಷ ಅಕ್ಟೋಬರ್ 2ರಂದು ಕೆಟರಿಂಗ್ ಎಂಬ ಸಣ್ಣ ಪೇಟೆಯಲ್ಲಿ, ವಿಧವೆಯೊಬ್ಬರ ಮನೆಯ ಹಿಂದಿನ ಕೋಣೆಯಲ್ಲಿ ಕೆಲವೇ ಮಂದಿ ಸೇರಿ ಸಂಘವನ್ನು ಸ್ಥಾಪಿಸಿದರು. ವಂತಿಗೆಯ ವಾಗ್ದಾನಗಳನ್ನು ಚೀಟಿಗಳಲ್ಲಿ ಬರೆದು ಫುಲ್ಲರ್ ಅವರ ನಶ್ಯದ ಡಬ್ಬಿಯಲ್ಲಿ ಹಾಕಿದರಂತೆ. ಒಟ್ಟು ಮೊತ್ತ 13 ಪೌಂಡ್ 2 ಷಿಲಿಂಗ್ 6 ಪೆನ್ಸ್. ಕಾರ್ಯದರ್ಶಿಯ ಹೊಣೆ ಹೊತ್ತ ಫುಲ್ಲರ್ ಅವರ ಮಡದಿ, ಬುದ್ಧಿಭ್ರಮಣೆಯಿಂದ ನರಳಿ ತೀರಿಕೊಂಡು ಆಗ ಆರು ವಾರವೂ ಕಳೆದಿರಲಿಲ್ಲ.

ಆ ದಿನಗಳ ಒಪ್ಪಂದವನ್ನು ಫುಲ್ಲರ್ ಮುಂದೆ ಒಂದು ಹೋಲಿಕೆಯಲ್ಲಿ ಹೇಳುತ್ತಿದ್ದರು. ಭಾರತವೊಂದು ಆಳವಾದ ಚಿನ್ನದ ಗಣಿ. ಅದರೊಳಗೆ ಇಳಿಯಲು ಕೇರಿ ಒಪ್ಪಿದರು. ಮೇಲಿನವರು ಹಗ್ಗವನ್ನು ಬಿಡಬಾರದೆಂಬುದೊಂದೇ ಅವರ ಕರಾರು. ಫುಲ್ಲರ್ ಅದನ್ನು ಅಕ್ಷರಶಃ ಪಾಲಿಸಿದರು. ತಮ್ಮ ಸಭೆಯನ್ನೂ ನೋಡಿಕೊಂಡು, ರಾಶಿ ರಾಶಿ ಪತ್ರಗಳನ್ನು ಬರೆದು, ಐದು ಬಾರಿ ಸ್ಕಾಟ್ಲೆಂಡಿಗೆ ಪ್ರಯಾಣ ಮಾಡಿ ಹಣ ಕೂಡಿಸಿದರು. ಲಂಡನ್ನಿನಲ್ಲಿ ಉಳ್ಳವರ ಬಾಗಿಲಲ್ಲಿ ಬರಿಗೈಯಾದಾಗ ಓಣಿಯೊಂದರ ಮರೆಗೆ ಹೋಗಿ ಕಣ್ಣೀರಿಡುತ್ತಿದ್ದರೆಂದು ಹೇಳುತ್ತಾರೆ.

ಪ್ರಾರ್ಥನೆ ಫಲಿಸಿತೇ ಎಂಬುದನ್ನು ಅಳೆಯುವ ಮಾನದಂಡ ಚರಿತ್ರಕಾರನ ಬಳಿ ಇಲ್ಲ. ಆದರೆ ಪ್ರಾರ್ಥಿಸಿದವರಲ್ಲಿ ಅದು ಏನು ಮಾಡಿತೆಂಬುದನ್ನು ಅವನು ಕಾಣಬಲ್ಲ. ಪ್ರಾರ್ಥನೆಗೆ ಸುದ್ದಿ ಬೇಕು. ಬಂಗಾಳದಿಂದ ತಿಂಗಳುಗಟ್ಟಲೆ ಕಡಲಲ್ಲಿ ಕಳೆದು ಬಂದ ಪತ್ರಗಳು ಅಚ್ಚಾಗಿ ಹಳ್ಳಿಹಳ್ಳಿಗೆ ತಲಪಿದವು. ಕೇರಿಯವರ ಪುಟ್ಟ ಮಗ ಪೀಟರ್ ಸತ್ತುದು, ಅವರ ಮಡದಿ ಡೊರೊಥಿಯವರ ಬುದ್ಧಿ ಕದಡಿದುದು, 1800ರ ಕೊನೆಯಲ್ಲಿ ಕೃಷ್ಣಪಾಲನೆಂಬ ಬಡಗಿ ದೀಕ್ಷೆ ಪಡೆದುದು ಇವೆಲ್ಲ ಆ ಊರುಗಳಿಗೆ ಮನೆಮಾತಾದವು. ಭೂಪಟದಲ್ಲಿ ಬರಿಯ ಹೆಸರಾಗಿದ್ದ ದೇಶ ನೆಂಟರ ಊರಿನಂತಾಯಿತು.

ಇದರ ಬೆಲೆ ತಿಳಿದುದು 1812ರ ಮಾರ್ಚ್ 11ರ ಸಂಜೆ. ಶ್ರೀರಾಮಪುರದ ಅಚ್ಚುಕೂಟಕ್ಕೆ ಬೆಂಕಿ ಬಿತ್ತು. ಕಾಗದ, ಅಚ್ಚಿನ ಮೊಳೆಗಳು, ವರ್ಷಗಳ ಹಸ್ತಪ್ರತಿಗಳು ಎಲ್ಲವೂ ಉರಿದವು. ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತಿಯೂ ಅದರಲ್ಲಿ ಹೋಯಿತು. ನಷ್ಟ ಸುಮಾರು 10,000 ಪೌಂಡ್. ಸುದ್ದಿ ಇಂಗ್ಲೆಂಡನ್ನು ಮುಟ್ಟಿದ ಎರಡು ತಿಂಗಳೊಳಗೆ ಅಷ್ಟು ಹಣವೂ ಕೂಡಿಬಂತು. ಇಪ್ಪತ್ತು ವರ್ಷಗಳ ಹಿಂದೆ ಹದಿಮೂರು ಪೌಂಡಿನಿಂದ ಹೊರಟ ಕೆಲಸವಿದು!

ಆದರೂ ಅಚ್ಚುಕೂಟ ಬೇಗನೆ ತಲೆಯೆತ್ತಿದುದು ಈ ಹಣದಿಂದಲೇ ಅಲ್ಲ. ಅದು ಬರುವ ಮುನ್ನವೇ ಅಲ್ಲಿ ಕೆಲಸ ಮತ್ತೆ ಆರಂಭವಾಗಿತ್ತು. ಬೂದಿಯನ್ನು ಕೆದಕಿದಾಗ ಅಕ್ಷರಗಳನ್ನು ಕೊರೆದಿದ್ದ ಉಕ್ಕಿನ ಮೂಲ ಅಚ್ಚುಗಳು ಕೆಡದೆ ಸಿಕ್ಕವು. ಕರಗಿದ ಸೀಸದಿಂದ ಹೊಸ ಮೊಳೆಗಳನ್ನು ಎರಕ ಹೊಯ್ದರು. ಶ್ರೀರಾಮಪುರದಲ್ಲಿ ಅಕ್ಷರ ಕೊರೆಯುವ ಆ ವಿದ್ಯೆಗೆ ತಳಹದಿ ಹಾಕಿದವರು ಪಂಚಾನನ ಕರ್ಮಕಾರ ಮತ್ತು ಅವರ ಅಳಿಯ ಮನೋಹರ ಎಂಬ ಬಂಗಾಳಿ ಕುಶಲಕರ್ಮಿಗಳು. ಕೇರಿಯವರಿಗೆ ಬಂಗಾಳಿ ಕಲಿಸಿದವರು ಮುನ್ಷಿ ರಾಮರಾಮ ಬಸು. ಫುಲ್ಲರ್ ಅವರ ಹೋಲಿಕೆಯಲ್ಲಿ ಇವರಿಗೆ ಸ್ಥಳವಿಲ್ಲ. ಗಣಿಯೆಂದರೆ ಕತ್ತಲೆ, ಕೆಳಗೂ ದೀಪ ಹಿಡಿದವರಿದ್ದಾರೆಂಬುದು ಮೇಲೆ ನಿಂತವರಿಗೆ ಕಾಣಲಿಲ್ಲ. ಇಳಿದವರಿಗೆ ಕಂಡಿತು. ಇಲ್ಲದಿದ್ದರೆ ಕೇರಿ ಮತ್ತು ಮಾರ್ಷ್‌ಮನ್ನರು ವಾಲ್ಮೀಕಿಯ ರಾಮಾಯಣವನ್ನು ಇಂಗ್ಲಿಷಿಗೆ ತರಲು ತೊಡಗುತ್ತಿರಲಿಲ್ಲ.

1815ರಲ್ಲಿ ಫುಲ್ಲರ್ ತೀರಿಕೊಂಡರು. ಸಂಘದ ಆಡಳಿತ ಲಂಡನ್ನಿಗೆ ಹೋಯಿತು. ಕೇರಿಯವರ ಮುಖವನ್ನೇ ಕಂಡರಿಯದವರು ಸಮಿತಿಗೆ ಬಂದರು. ಶ್ರೀರಾಮಪುರದ ಆಸ್ತಿ ಯಾರದು, ಅದರ ಮೇಲೆ ಅಧಿಕಾರ ಯಾರದು ಎಂಬ ಪ್ರಶ್ನೆಗಳೆದ್ದವು. ಆ ಆಸ್ತಿಯ ಬಹುಪಾಲು ಕೇರಿಯವರ ಅಧ್ಯಾಪಕ ವೃತ್ತಿಯ ಸಂಬಳ, ಮಾರ್ಷ್‌ಮನ್ನರ ಶಾಲೆಯ ಆದಾಯ, ವಾರ್ಡ್ ಅವರ ಅಚ್ಚುಕೂಟದ ಗಳಿಕೆ ಇವುಗಳಿಂದ ಆದುದು; ಮೂವರೂ ಅದನ್ನು ಮಿಷನ್ನಿಗೇ ಒಪ್ಪಿಸಿದ್ದರು. ಮಾತು ಬೆಳೆದು 1827ರಲ್ಲಿ ಶ್ರೀರಾಮಪುರವೂ ಲಂಡನ್ನಿನ ಸಂಘವೂ ಬೇರೆಯಾದವು. 1834ರ ಜೂನ್ 9ರಂದು ಕೇರಿಯವರು ನಿಧನರಾದಾಗಲೂ ಆ ಬಿರುಕು ಕೂಡಿರಲಿಲ್ಲ. ಎರಡೂ ಒಂದಾದುದು 1837ರಲ್ಲಿ.

ಇಷ್ಟಾಗಿ, ಲಂಡನ್ನಿನವರು ದುಷ್ಟರಲ್ಲ. ಅವರೂ ಪ್ರಾರ್ಥಿಸುತ್ತಿದ್ದರು, ಹಣ ಕೂಡಿಸುತ್ತಿದ್ದರು. ಆದರೆ ಇನ್ನೊಂದು ತುದಿಯಲ್ಲಿದ್ದ ಮನುಷ್ಯನನ್ನು ಬಲ್ಲವರ ಕೈಯಿಂದ ಅರಿಯದವರ ಕೈಗೆ ಹಗ್ಗ ಜಾರಿದಾಗ, ಭಾರ ಹೊರುತ್ತಿದ್ದ ಅದು ಕಟ್ಟಿಹಾಕಲು ತೊಡಗಿತು. ಆಗ ಕೇರಿಯವರಿಗೆ ಅರುವತ್ತಾರರ ವಯಸ್ಸು. ಇಳಿಯುವ ದಿನ ಹಗ್ಗ ಬಿಡಬೇಡಿರೆಂದು ಬೇಡಿದವರು, ಕೊನೆಗೆ ಆ ಹಗ್ಗವನ್ನು ತಾವೇ ಬಿಡಬೇಕಾಯಿತು. ಬಿಟ್ಟ ಮೇಲೂ ಅವರು ಮೇಲಕ್ಕೆ ಬರಲಿಲ್ಲ. ಕೆಳಗೆ ಕೆಲಸವಿನ್ನೂ ಉಳಿದಿತ್ತು.